ಹೌಸಾಬಾಯಿಯ ಬಾವಿಗೆ ವಯಸ್ಸೆಷ್ಟು?

ಧಾರವಾಡದಿಂದ ಬೆಳಿಗ್ಗೆ ಹೊರಟಾಗ ಜೀಪಿನಲ್ಲಿ ನಾವು ಮೂವರಿದ್ದೆವು. ಹಿಂದಿನ ಸೀಟಿನ ತುಂಬ ಖಾಲಿ ಬಾಟಲಿಗಳು. ಚಾಲಕ ದಸ್ತಗೀರ, ಭೂವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದ ನಾನು, ಮತ್ತು ಉಜ್ಬೇಕಿಸ್ತಾನದಿಂದ ಬಂದಿದ್ದ ಡಾಕ್ಟರ್ ಗುಲ್ನೋರಾ. ಡಿಸೆಂಬರ್ ಚಳಿಗೆ ನಾನು ಶಾಲು ಹೊದ್ದಿದ್ದೆ. ತಮ್ಮ ಊರಿನಲ್ಲಿ ಈಗ ಹಿಮ ಬೀಳುತ್ತಿರಬೇಕು ಎಂದು ಆಕೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ ಕುಳಿತರು.

"ಮೇಡಂ, ಬಾಟ್ಲಿ ಖಾಲಿ ಒಯ್ಯೂದು, ತುಂಬಿಸ್ಕೊಂಡು ತರೂದು. ಬಾರ್ಡರ್‌ದಾಗ ಪೊಲೀಸರು ಹಿಡದ್ರ ಏನ್ ಹೇಳ್ಲಿ?" ಎಂದು ದಸ್ತಗೀರ ನನ್ನನ್ನು ಕೇಳಿದ.

"ನೀರು ಅಂತ ಹೇಳು."

"ಎಲ್ಲಾರೂ ಹಂಗs ಹೇಳ್ತಾರ್ರಿ."

ಅವು ನೀರಿನ ಬಾಟಲಿಗಳೇ. ಅಣುವಿಜ್ಞಾನವನ್ನು ಬಾಂಬಿಗಲ್ಲದೆ ಬದುಕಿಗೆ ಬಳಸುವ ಕೆಲಸಕ್ಕಾಗಿ ಹಲವು ದೇಶಗಳು ಸೇರಿ ನಡೆಸುತ್ತಿದ್ದ ಯೋಜನೆಯ ಒಂದು ಸಣ್ಣ ಭಾಗ ನಮ್ಮದು. ಕೃಷ್ಣೆಯ ದಂಡೆಯ ಬಾವಿಗಳ ನೀರನ್ನು ನಾವು ತುಂಬಿ ಕಳಿಸುತ್ತೇವೆ. ಗುಲ್ನೋರಾ ತಮ್ಮ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಯುರೋಪಿನ ಇನ್ನೊಂದು ಪ್ರಯೋಗಾಲಯ ಅದನ್ನು ಪರೀಕ್ಷಿಸಿ ನೋಡುತ್ತದೆ. ಅವರ ದೇಶದಲ್ಲಿ ಹತ್ತಿಗೆ ನೀರು ಹಾಯಿಸಿ ಹಾಯಿಸಿ ನೆಲ ಉಪ್ಪು ಕಟ್ಟಿ ಸವಳಾಗಿದೆ. ನಮ್ಮಲ್ಲಿ ಕಬ್ಬಿಗೆ ಹಾಯಿಸಿ ಹಾಗೇ ಆಗುತ್ತಿದೆ. ಅವರು ಬರಲು ಅದೇ ಕಾರಣ.

ನಿಪ್ಪಾಣಿ ತಲುಪುವ ಹೊತ್ತಿಗೆ ತಂಬಾಕಿನ ವಾಸನೆ ಗಾಳಿಯಲ್ಲಿತ್ತು. ಗಡಿ ಇನ್ನೂ ದಾಟದಿದ್ದರೂ ನನ್ನ ಮೊಬೈಲಿಗೆ "ಮಹಾರಾಷ್ಟ್ರಕ್ಕೆ ಸ್ವಾಗತ" ಎಂದು ಸಂದೇಶ ಬಂತು. ಬೋರಗಾಂವದಲ್ಲಿ ಕೈಪಂಪಿನ ನೀರು ತುಂಬುವಾಗ ಪಕ್ಕದ ಪವರ್‌ಲೂಮ್ ಶೆಡ್ಡುಗಳ ಖಟಖಟದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮಗ್ಗ ನಿಲ್ಲಿಸಿ ಹೊರಗೆ ಬಂದ ಒಬ್ಬರು, "ಅಣು ಅಂದ್ರ ಬಾಂಬ್ ಅಲ್ರಿ? ನಮ್ಮ ಬೋರಿಂಗಿನಾಗ ಐತೇನು?" ಎಂದರು. ಗುಲ್ನೋರಾಗೆ ಅನುವಾದಿಸಿದೆ. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಆಕೆ, "ಇಲ್ಲ ಭಾಯಿಸಾಬ್, ನಿಮ್ಮ ನೀರಿನ ಜನ್ಮಪತ್ರಿಕೆ ಬರೆಯುತ್ತಿದ್ದೇನೆ" ಎಂದುಬಿಟ್ಟರು. ಅಲ್ಲಿಂದ ಹೊರಡುವಷ್ಟರಲ್ಲಿ ಇಬ್ಬರು ತಮ್ಮ ಬಾವಿಗೂ ಪತ್ರಿಕೆ ಬರೆಸಲು ಬಂದಿದ್ದರು.

ಆ ರಾತ್ರಿ ಚಿಕ್ಕೋಡಿಯಲ್ಲಿ ತಂಗಿದೆವು. ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಚಹಾ ಬಂದಾಗ ಗುಲ್ನೋರಾ ತಾವೇ ಬಗ್ಗಿಸಿ ನನಗೆ ಅರ್ಧ ಕಪ್ಪು ಮಾತ್ರ ಕೊಟ್ಟರು. ನಾನು ಕಪ್ಪಿನೊಳಗೆ ಇಣುಕಿದೆ. ನನ್ನ ಮುಖ ನೋಡಿ ನಕ್ಕರು.

"ನಮ್ಮಲ್ಲಿ ಅತಿಥಿಗೆ ಕಪ್ಪು ತುಂಬಿಸುವುದಿಲ್ಲ. ಅರ್ಧ ಕೊಟ್ಟರೆ, ಮತ್ತೆ ಮತ್ತೆ ಬಗ್ಗಿಸುತ್ತೇನೆ, ಕುಳಿತಿರು ಎಂದು ಅರ್ಥ. ತುಂಬಿಸಿ ಕೊಟ್ಟರೆ, ಕುಡಿದು ಹೊರಡು ಎಂದು."

ಮರುದಿನ ರಾಯಬಾಗದ ಎರಡು ಬಾವಿ ಮುಗಿಸಿ ಕೃಷ್ಣೆ ದಾಟಿದೆವು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಒಂದರಲ್ಲಿ ಕನ್ನಡ ಹಾಡು, ಹಿಂದಿನದರಲ್ಲಿ ಮರಾಠಿ ಹಾಡು ಹಾಕಿಕೊಂಡು ಹೊರಟಿದ್ದವು. ಅವುಗಳ ಹಿಂದೆ ತೆವಳುತ್ತ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ದಾಟಿ ಉಗಾರ ಬುದ್ರುಕಕ್ಕೆ ಬಂದಾಗ ಮಧ್ಯಾಹ್ನವಾಗಿತ್ತು. ಗುಲ್ನೋರಾ ಅಷ್ಟು ದೂರದಿಂದ ಬಂದದ್ದೇ ಇಲ್ಲಿನ ಒಂದು ಬಾವಿಗಾಗಿ.

ಹೌಸಾಬಾಯಿಯ ಮನೆಯ ಹಿಂದಿನ ಬಾವಿ ಅದು. ಸುತ್ತಲ ಹೊಲಗಳ ಮೇಲೆ ಉಪ್ಪು ಬೆಳ್ಳಗೆ ಕಟ್ಟಿದೆ, ಆದರೆ ಬಾವಿಯ ನೀರು ಸಿಹಿ. ಓಣಿಯೆಲ್ಲ ಅದನ್ನೇ ಕುಡಿಯುತ್ತದೆ. ಆಕೆಯ ಮಗ ರಾವಸಾಹೇಬನಿಗೆ ಆ ನೀರನ್ನು ದ್ರಾಕ್ಷಿಗೆ ಹಾಯಿಸುವ ಆಸೆ. ಪ್ರತಿವರ್ಷ ಹೊಳೆಯಿಂದಲೋ ಕೆರೆಯಿಂದಲೋ ಹೊಸ ನೀರು ಒಳಗೆ ಬರುತ್ತಿದ್ದರೆ ಮೋಟಾರು ಕೂಡಿಸಬಹುದು. ಯಾವತ್ತೋ ಬಿದ್ದ ಮಳೆ ಅಲ್ಲಿ ನಿಂತಿದ್ದರೆ, ಅದನ್ನು ಎತ್ತಿದಷ್ಟೂ ಸುತ್ತಲಿನ ಉಪ್ಪು ನೀರು ಆ ಜಾಗಕ್ಕೆ ನುಗ್ಗುತ್ತದೆ. ನಮ್ಮ ಉತ್ತರ ಬರುವವರೆಗೆ ಕಾಯುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಕೊಂಡು ತಂದ ಮೋಟಾರು ಗೋಣಿಚೀಲ ಹೊದ್ದು ಪಡಸಾಲೆಯಲ್ಲಿ ಕುಳಿತಿತ್ತು.

"ಬರ್ರಿ ಅಕ್ಕಾರ" ಎಂದ ರಾವಸಾಹೇಬ, ಅದರ ಮೇಲಿಂದ ಏಳುತ್ತ. "ವರ್ಷಾತು, ಈ ಮೋಟರ್ ಮ್ಯಾಲ ಕುಂತು ಕುಂತು ನಾನs ಮೋಟರ್ ಆಗೇನಿ. ಈಗರೆ ಹೇಳ್ರಿ, ಚಾಲೂ ಮಾಡ್ಲೋ ಬ್ಯಾಡೋ?"

ಗುಲ್ನೋರಾ ಕಷ್ಟಪಟ್ಟು ಉತ್ತರಿಸಿದರು. ನೀರಿನಲ್ಲಿ ಅವರು ಎರಡು ಸಂಗತಿ ಅಳೆದಿದ್ದರು. ಎಲ್ಲ ನೀರಿನಲ್ಲೂ ತುಸು ಭಾರದ ಕಣಗಳಿರುತ್ತವೆ. ನೀರು ಆವಿಯಾಗುವಾಗ ಹಗುರದವು ಮೊದಲು ಹಾರಿ, ಭಾರದವು ಹೆಚ್ಚಾಗಿ ಉಳಿಯುತ್ತವೆ. ಈ ಬಾವಿಯ ನೀರು, ಬಿಸಿಲಲ್ಲಿ ನಿಂತ ಕೆರೆಯ ನೀರಿನಷ್ಟು ಭಾರವಾಗಿತ್ತು. ಎರಡನೆಯದು ಟ್ರಿಟಿಯಂ. ಐವತ್ತು ಅರವತ್ತರ ದಶಕದ ಬಾಂಬ್ ಪರೀಕ್ಷೆಗಳ ನಂತರ ಜಗತ್ತಿನ ಮಳೆಯಲ್ಲೆಲ್ಲ ಹೆಚ್ಚಾಗಿ ಬೆರೆತದ್ದು ಅದು. ಆಮೇಲಿನ ಮಳೆಯಾದರೆ ಅದರ ಗುರುತು ಇರಬೇಕು. ಈ ಬಾವಿಯಲ್ಲಿ ಇರಲೇ ಇಲ್ಲ. ಅಂದರೆ ಒಂದು ಅಳತೆ ಕೆರೆಯ ನೀರು ಎನ್ನುತ್ತದೆ, ಇನ್ನೊಂದು ಬಹಳ ಹಳೆಯ ನೀರು ಎನ್ನುತ್ತದೆ. ಒಂದು ವರ್ಷದಿಂದ ಅವರು ನಕ್ಷೆಗಳಲ್ಲಿ ಆ ಕಾಣದ ಕೆರೆಯನ್ನು ಹುಡುಕುತ್ತಿದ್ದರು.

"ಅರ್ಧ ಉತ್ತರ ಕೊಟ್ಟು ನಿಮ್ಮ ಬಾವಿ ಕೆಡಿಸಲಾರೆ" ಎಂದರು. ರಾವಸಾಹೇಬನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಹೌಸಾಬಾಯಿ ಬೆಲ್ಲ ಮತ್ತು ತಾಮ್ರದ ತಂಬಿಗೆಯಲ್ಲಿ ನೀರು ತಂದರು. ತುಳಸಿ ಎಲೆ ಹಾಕಿದ ನೀರು, ಚೆಲ್ಲುವಷ್ಟು ತುಂಬಿತ್ತು. "ನನ್ನನ್ನು ಹೊರಡು ಎನ್ನುತ್ತಿದ್ದಾರೆಯೇ?" ಎಂದು ಗುಲ್ನೋರಾ ನನ್ನ ಕಿವಿಯಲ್ಲಿ ಕೇಳಿದರು. ಒಂದು ಗುಟುಕು ಕುಡಿದು, "ಗರಂ?" ಎಂದರು.

"ಮತ್ತ? ಪರದೇಶದ ಮಂದಿಗೆ ಹಸಿನೀರು ಕೊಡ್ತಾರೇನ?" ಎಂದರು ಹೌಸಾಬಾಯಿ. "ಕುದಿಸೇನಿ. ನಿಮ್ಮ ಬಾಟ್ಲಿಗೂ ಹಂಗs ಕುದಿಸಿ, ಆರಿಸಿ, ಅರಿವ್ಯಾಗ ಸೋಸಿ ತುಂಬ್ತಿದ್ನಿ."

ಉಳಿದ ಬಾವಿಗಳ ನೀರನ್ನು ನಾವೇ ತುಂಬುತ್ತಿದ್ದೆವು. ಈ ಬಾವಿಯದು ಮಾತ್ರ ಪ್ರತಿ ತಿಂಗಳೂ ಬೇಕಿತ್ತು, ಆ ಕೆಲಸ ಹೌಸಾಬಾಯಿಯದು. ಕಂಠದವರೆಗೆ ತುಂಬಬೇಕು, ಗುಳ್ಳೆ ಉಳಿಯಬಾರದು, ಮುಚ್ಚಳ ಬಿಗಿಯಾಗಿರಬೇಕು ಎಂದು ಹೇಳಿದ್ದೆವು. ಅವೆಲ್ಲವನ್ನೂ ಆಕೆ ಚಾಚೂ ತಪ್ಪದೆ ಮಾಡಿದ್ದರು.

"ಎಲ್ಲಾ ತಿಂಗಳೂ ಕುದಿಸಿದ್ರಿ?" ಎಂದೆ.

"ಒಂದೂ ತಪ್ಪಿಸಿಲ್ಲಬೇ! ಅಷ್ಟ ದೂರ ಹೋಗೂ ನೀರು. ಅಲ್ಲಿ ಯಾರರೆ ಕುಡದು ಹೊಟ್ಟಿ ಕೆಟ್ರ ನಮ್ಮೂರ ಹೆಸರು ಉಳಿತೈತೇನು?"

"ಅವ್ವಾ, ಅದನ್ನ ಮಂದಿ ಕುಡಿಯೂದಿಲ್ಲ, ಮಷೀನ್ ಕುಡಿತೈತಿ!" ಎಂದ ರಾವಸಾಹೇಬ.

"ಮಷೀನಿಗೆ ಹೊಟ್ಟಿ ಇಲ್ಲೇನಲೇ?"

ನಾನು ಅನುವಾದಿಸಿದೆ. ಗುಲ್ನೋರಾ ತಂಬಿಗೆ ಕೆಳಗಿಟ್ಟರು. "ಎಷ್ಟು ಹೊತ್ತು ಕುದಿಸುತ್ತಾರೆ, ಕೇಳಿ" ಎಂದರು. ಅರ್ಧ ತಾಸು, ಮುಚ್ಚಳ ಇಲ್ಲದೆ, ಮನೆ ಕಿಟಕಿಯೆಲ್ಲ ಬೆವರುವ ಹಾಗೆ. ಅದನ್ನು ಕೇಳಿ ಗುಲ್ನೋರಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಹೌಸಾಬಾಯಿ ಗಾಬರಿಯಾಗಿ ಬೆನ್ನು ಸವರಿದರು. ಗುಲ್ನೋರಾ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು.

"ವರ್ಷವಿಡೀ ನಾನು ಹುಡುಕಿದ ಕೆರೆ ನಿಮ್ಮ ಒಲೆಯ ಮೇಲಿತ್ತು!"

ಆಮೇಲೆ ತಟ್ಟನೆ ನೆಟ್ಟಗೆ ಕುಳಿತರು. ನನಗೂ ಅದೇ ಕ್ಷಣದಲ್ಲಿ ಹೊಳೆದಿತ್ತು. ಕುದಿಸಿದರೆ ನೀರು ಭಾರವಾಗುತ್ತದೆ, ಆದರೆ ಅದರ ವಯಸ್ಸು ಬದಲಾಗುವುದಿಲ್ಲ. ಟ್ರಿಟಿಯಂ ಹೇಳಿದ ಉತ್ತರ ಹಾಗೇ ಉಳಿಯುತ್ತದೆ. ಕೆರೆ ಇಲ್ಲ, ಎರಡು ಅಳತೆಗಳ ನಡುವೆ ಜಗಳವೂ ಇಲ್ಲ.

"ಹಳೆಯ ಮಳೆ" ಎಂದರು ಗುಲ್ನೋರಾ, ರಾವಸಾಹೇಬನ ಕಡೆ ತಿರುಗಿ. "ಅರವತ್ತು ವರ್ಷಕ್ಕಿಂತ ಹಿಂದಿನದು. ಹೊಳೆ ಇದಕ್ಕೆ ಏನೂ ಕೊಡುತ್ತಿಲ್ಲ. ಮೋಟಾರು ಕೂಡಿಸಿದರೆ ಮೊದಮೊದಲು ಸಿಹಿ ನೀರೇ ಬರುತ್ತದೆ. ನನ್ನ ತಂದೆಯ ಜರ್ದಾಳು ಹಣ್ಣಿನ ತೋಟದಲ್ಲೂ ಮೊದಲು ಸಿಹಿ ನೀರೇ ಬಂತು."

ಅದನ್ನು ಕನ್ನಡದಲ್ಲಿ ಹೇಳುವುದು ನನಗೆ ಸುಲಭವಾಗಲಿಲ್ಲ. ರಾವಸಾಹೇಬ ಗೋಣಿಚೀಲದ ಮೇಲೆ ಕೈಯಾಡಿಸುತ್ತ ನಿಂತ. ಹೌಸಾಬಾಯಿ ಮಾತ್ರ ಬಾವಿಯ ಕಡೆ ಹೊಸದಾಗಿ ನೋಡುವವರಂತೆ ನೋಡಿದರು.

"ಅಯ್ಯ ನಮ್ಮವ್ವ! ನನ್ನ ಮದಿವಿಕಿಂತ ಮೊದಲಿನ ಮಳಿ! ನಾ ಈ ಮನಿಗೆ ಬರೂದಕ್ಕ ಮುಂಚೇನs ಬಂದು ಕುಂತೈತಿ. ಇದು ನನಗ ಅತ್ತಿ ಆಗಬೇಕ ನೋಡು!"

ರಾವಸಾಹೇಬನಿಗೂ ನಗು ತಡೆಯಲಾಗಲಿಲ್ಲ. "ಅತ್ತಿ ಮ್ಯಾಲ ಮೋಟರ್ ಕುಂಡ್ರಿಸಿದ್ರ ಅವ್ವ ನನ್ನ ಊಟಕ್ಕ ಕರಿಯಾಂಗಿಲ್ಲ" ಎಂದ. "ಇರ್ಲಿ ಬಿಡ್ರಿ. ಹೊಳಿ ದಂಡಿಗೆ ಕಾಕಾನ ಹೊಲ ಐತಿ. ಅಂವನ ಜೋಡಿ ಮಾತಾಡ್ತೀನಿ. ಇಬ್ಬರದೂ ಒಂದs ಮೋಟರ್, ಹನಿ ನೀರಾವರಿ. ದ್ರಾಕ್ಷಿ ಬಂದ್ರ ನಿಮಗೂ ಒಂದ ಬುಟ್ಟಿ." ನಾವು ಹೊರಡುವ ಮೊದಲೇ ಮೋಟಾರು ದಸ್ತಗೀರನ ಸಹಾಯದಿಂದ ಎತ್ತಿನಗಾಡಿ ಹತ್ತಿತ್ತು. ಬಾವಿಯಿಂದ ಹೊಸದಾಗಿ ನೀರು ಸೇದಿ, ಕೊಡದಲ್ಲಿ ಬಾಟಲಿ ಮುಳುಗಿಸಿ, ನೀರಿನೊಳಗೇ ಮುಚ್ಚಳ ಬಿಗಿದು, ಖಾತ್ರಿಗೆಂದು ಒಂದು ಹಸಿನೀರಿನ ಮಾದರಿ ತೆಗೆದುಕೊಂಡೆವು. ಹೌಸಾಬಾಯಿ ಇನ್ನೊಂದು ಬಾಟಲಿ ತಂದರು. ಗುರುತಿಗೆ ಅದರ ಮುಚ್ಚಳಕ್ಕೆ ಅರಿಷಿಣ ಕುಂಕುಮ ಹಚ್ಚಿದ್ದರು.

"ಅದು ಮಷೀನಿಗೆ. ಇದು ಮಂದಿಗೆ. ತುಳಸಿ ಹಾಕಿ ಕುದಿಸೇನಿ."

ರಾತ್ರಿ ಅಥಣಿಯಲ್ಲಿ ಕಳೆಯಿತು. ಬೆಳಿಗ್ಗೆ ಗುಲ್ನೋರಾ ಅಲ್ಲಿನ ಚಪ್ಪಲಿ ಕೊಂಡರು. ನಡೆದರೆ ಕರಕರ ಎನ್ನಬೇಕು ಎಂಬುದು ಅವರ ಷರತ್ತು. ಅಂಗಡಿಯವರು ನಾಲ್ಕು ಜೊತೆ ನಡೆಸಿ, ಎಲ್ಲಕ್ಕಿಂತ ಜೋರಾಗಿ ಮಾತಾಡುವ ಜೊತೆಯನ್ನು ಆರಿಸಿಕೊಟ್ಟರು. ಕಾಗವಾಡದಲ್ಲಿ ಕೊನೆಯ ಬಾವಿ ಮುಗಿಸಿ, ಗಡಿ ದಾಟಿ ಮೀರಜ್ ಸ್ಟೇಷನ್ ತಲುಪಿದೆವು. ಮುಂಬಯಿಯ ಗಾಡಿ ಆಗಲೇ ನಿಂತಿತ್ತು.

ವಿದಾಯದ ಮಾತು ನನಗೆ ಬರುವುದಿಲ್ಲ. ಬಾಟಲಿಗಳ ಪೆಟ್ಟಿಗೆಯನ್ನು ಸೀಟಿನ ಕೆಳಗಿಟ್ಟು, ಮತ್ತೆ ಎಳೆದು, ಮತ್ತೆ ಸರಿಯಾಗಿಟ್ಟೆ. ಗುಲ್ನೋರಾ ಚಹಾದವನಿಂದ ಎರಡು ಖಾಲಿ ಕಪ್ಪು ಕೇಳಿ ತೆಗೆದುಕೊಂಡು, ಕುಂಕುಮದ ಮುಚ್ಚಳ ಬಿಚ್ಚಿ, ಅರವತ್ತು ವರ್ಷಕ್ಕಿಂತ ಹಿಂದಿನ ಮಳೆಯನ್ನು ಬಗ್ಗಿಸಿದರು. ತುಳಸಿಯ ವಾಸನೆ ಇನ್ನೂ ಇತ್ತು. ಕುಡಿದೆ. ಮತ್ತೆ ಬಗ್ಗಿಸಿದರು. ಗಾರ್ಡಿನ ಸೀಟಿ ಕೇಳಿಸಿತು, ನಾನು ಇಳಿದೆ. ಗಾಡಿ ಅಲುಗಿದಾಗ ಅವರು ಕಿಟಕಿಯಿಂದ ಕೈಚಾಚಿ ನನ್ನ ಕಪ್ಪಿಗೆ ಇನ್ನೊಮ್ಮೆ ಬಗ್ಗಿಸಿದರು. ಅರ್ಧದಷ್ಟು ಮಾತ್ರ.

"ಇನ್ನೂ ಸ್ವಲ್ಪ ಹಾಕಬಾರದೇನ್ರಿ ಅವರು?" ಎಂದ ದಸ್ತಗೀರ, ನನ್ನ ಕಪ್ಪಿನೊಳಗೆ ಬಗ್ಗಿ ನೋಡಿ.

"ಇಷ್ಟೇ ಹಾಕಬೇಕು" ಎಂದೆ. ಅದನ್ನು ಚೆಲ್ಲದ ಹಾಗೆ ಹಿಡಿದುಕೊಂಡು ಜೀಪಿನ ಕಡೆ ನಡೆದೆ.