ತಡಮೆಯಾಚೆಯ ಒಣಮೀನು

ಮೊನ್ನೆ ಬಿ.ಸಿ.ರೋಡಿನಿಂದ ತಂದ ಪುನರ್ಪುಳಿ ಹಣ್ಣಿನ ಒಣಸಿಪ್ಪೆಯನ್ನು ಡಬ್ಬಿಗೆ ತುಂಬಿಸುತ್ತಿದ್ದೆ. ಪೊಟ್ಟಣ ಬಿಚ್ಚಿದ್ದೇ ತಡ, ಹುಳಿ, ಉಪ್ಪು, ಬಿಸಿಲಿಗೆ ಕಾದ ಕಲ್ಲು ಎಲ್ಲ ಬೆರೆತಂಥ ವಾಸನೆಯೊಂದು ಬಂದು, ಡಬ್ಬಿಯ ಮುಚ್ಚಳ ಕೈಯಲ್ಲೇ ಉಳಿಯಿತು. ಅಂಗಡಿಯವರು ಅದನ್ನು ಯಾವ ಟೆರೇಸಿನ ಮೇಲೆ ಒಣಗಿಸಿದ್ದರೋ ಗೊತ್ತಿಲ್ಲ. ನನಗೆ ಕಂಡದ್ದು ಮಾತ್ರ ಕಾಡಿನ ನಡುವಿನ ಒಂದು ಕೆರೆ, ಕೆರೆಗೆ ತಾಗಿಕೊಂಡು ಅಗಲಕ್ಕೆ ಹಾಸಿದ ಕರಿಯ ಪಾದೆಕಲ್ಲು, ಅದರ ತುಂಬ ಹರಡಿದ ಕೆಂಪು ಸಿಪ್ಪೆ, ಕೋಲು ಹಿಡಿದು ಕಾಗೆಗಳನ್ನು ಬೈಯುತ್ತ ಕೂತ ಅಜ್ಜಿ. ನಿಮಗೂ ಹೀಗೊಂದು ವಾಸನೆ ಇದ್ದೀತು. ಎಲ್ಲೋ ಅಡಗಿಕೊಂಡಿದ್ದು, ನಾವು ಕೆಲಸದ ನಡುವೆ ಇರುವಾಗಲೇ ಹೊರಗೆ ಬರುವಂಥದ್ದು.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಒಳಗೆ ನಮ್ಮ ಮನೆ. ಕೆರೆ ಅಲ್ಲಿಂದ ಇನ್ನೂ ಒಳಗೆ, ಬೆಳಿಗ್ಗೆ ಹೊರಟರೆ ಬಿಸಿಲು ಏರುವ ಹೊತ್ತಿಗೆ ಮುಟ್ಟುವಷ್ಟು ದೂರ. ಸುತ್ತಲಿನ ಕಾಡಿನಲ್ಲಿ ಪುನರ್ಪುಳಿ ಮರಗಳು ಬಹಳ. ಬೇಸಿಗೆ ರಜೆಯ ನಡುವೆ ಹಣ್ಣು ಉದುರಲು ತೊಡಗಿದ ಕೂಡಲೇ ಅಜ್ಜಿ, ಮಾವ, ಚಿಕ್ಕಮ್ಮ, ನಾನು ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬಿಡಾರ ಹೂಡುತ್ತಿದ್ದೆವು. ದನಕರು ನೋಡಿಕೊಳ್ಳಲು ಅಮ್ಮ ಮನೆಯಲ್ಲೇ ಉಳಿಯುತ್ತಿದ್ದಳು. ಹಣ್ಣು ಒಡೆದು ಬೀಜ ತೆಗೆಯಬೇಕು, ರಸಕ್ಕೆ ಉಪ್ಪು ಹಾಕಿಡಬೇಕು, ಸಿಪ್ಪೆಯನ್ನು ಪಾದೆಯ ಮೇಲೆ ಒಣಗಿಸಿ, ಮತ್ತೆ ಅದೇ ರಸದಲ್ಲಿ ಅದ್ದಿ, ಮತ್ತೆ ಒಣಗಿಸಬೇಕು. ಕಪ್ಪಾಗುವವರೆಗೆ ಇದೇ ಕೆಲಸ. ನಮ್ಮೆಲ್ಲರ ಬೆರಳು ಮದುವಣಗಿತ್ತಿಯರ ಬೆರಳಿನ ಹಾಗೆ ಕೆಂಪಾಗಿರುತ್ತಿತ್ತು. ಅಜ್ಜಿ ಮಲಗುತ್ತಿದ್ದದ್ದು ತೆಂಗಿನ ಮಡಲಿನ ಚಪ್ಪರದಲ್ಲಿ. ಶಾಲೆ ಮಾಸ್ಟ್ರಾಗಿದ್ದ ಮಾವನಿಗೆ ಮಾತ್ರ ಡೇರೆಯೇ ಆಗಬೇಕು. ಮಂಗಳೂರಿನಲ್ಲಿ ಎಲ್ಲಿಯೋ ಹಳೆಯದೊಂದು ಕ್ಯಾನ್ವಾಸ್ ಡೇರೆ ಸಂಪಾದಿಸಿದ್ದರು. ಅದನ್ನು ನಿಲ್ಲಿಸುವುದರಲ್ಲೇ ಅವರ ಮೊದಲ ದಿನ ಮುಗಿಯುತ್ತಿತ್ತು. "ಅಷ್ಟು ದೊಡ್ಡ ಮನೆ ಬಿಟ್ಟು ಬಟ್ಟೆಯೊಳಗೆ ಮಲಗುವುದೆಂಥದ್ದು ಮಾರಾಯ, ಹಲಸಿನ ಕಾಯಿಯನ್ನು ಗೋಣಿಯಲ್ಲಿ ಕಟ್ಟಿದ ಹಾಗೆ!" ಎಂದು ಅಜ್ಜಿ ನಗುತ್ತಿದ್ದರು. ಮಾವ ಕೇಳಿಸದವರ ಹಾಗೆ ಹಗ್ಗ ಬಿಗಿಯುತ್ತಿದ್ದರು. ಬೆಳಿಗ್ಗೆ ನನ್ನನ್ನು ಪಾದೆಯ ತುದಿಗೆ ಕರೆದುಕೊಂಡು ಹೋಗಿ, ಮಂಜು ಬಿಡುವುದನ್ನೇ ಕಾದು, ದೂರದ ಘಟ್ಟದ ಸಾಲನ್ನೂ ಅದರ ಮುಂದೆ ಒಂಟಿಯಾಗಿ ಎದ್ದು ನಿಂತ ಗಡಾಯಿಕಲ್ಲನ್ನೂ ತೋರಿಸುತ್ತಿದ್ದವರು ಅವರೇ. ಕೆರೆಯಿಂದ ಹೊಗೆಯ ಹಾಗೆ ಆವಿ ಏಳುತ್ತಿತ್ತು. ಇದನ್ನು ನೋಡಲಿಕ್ಕೆ ಒಂದು ದಿನ ಜನ ದುಡ್ಡು ಕೊಟ್ಟು ಬರುತ್ತಾರೆ ಎಂದು ಮಾವ ಹೇಳಿದರೆ ನಾವೆಲ್ಲ ನಗುತ್ತಿದ್ದೆವು.

ಆ ಕೆರೆಗೆ ಒಂದು ಕಟ್ಟುಪಾಡು ಇತ್ತು. ಕೆರೆಯ ಮೂಡಣ ಬದಿಯಲ್ಲಿ ನಾಗಬನ. ಹಾಗಾಗಿ ಕೆರೆಯಂಗಳಕ್ಕೆ ಮೀನು ತರುವ ಹಾಗಿಲ್ಲ. ನಮಗಾದರೋ ಗಂಜಿಗೆ ಸುಟ್ಟ ಒಣಮೀನು ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಇದಕ್ಕೆ ಅಜ್ಜಿ ತನ್ನದೇ ಉಪಾಯ ಮಾಡಿದ್ದರು. ಕಾಲುದಾರಿಯಲ್ಲಿ ದನ ನುಗ್ಗದಂತೆ ಅಡ್ಡಮರ ಕಟ್ಟಿದ ತಡಮೆಯೊಂದಿತ್ತು. ಅದರಿಂದ ಈಚೆಗೆ ನಾಗನ ಜಾಗ, ಆಚೆಗೆ ನಮ್ಮ ಜಾಗ ಎಂದು ಅಜ್ಜಿಯೇ ತೀರ್ಮಾನಿಸಿದ್ದರು. ಒಣ ಬಂಗುಡೆಯ ಕಟ್ಟನ್ನು ಆಚೆಯ ಮರದ ಕೊಂಬೆಗೆ ತೂಗುಹಾಕುವುದು, ಊಟದ ಹೊತ್ತಿಗೆ ಎಲ್ಲರೂ ಗಂಜಿ ಬಟ್ಟಲು ಹಿಡಿದು ತಡಮೆ ದಾಟಿ ಹೋಗಿ, ಅಲ್ಲೇ ಬೆಂಕಿ ಮಾಡಿ ಮೀನು ಸುಟ್ಟು ಉಂಡು, ಕೈ ಬಾಯಿ ತೊಳೆದು ಈಚೆಗೆ ಬರುವುದು. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಸುಮತಿ ಚಿಕ್ಕಮ್ಮ ಅಮ್ಮನ ಕಿರಿಯ ತಂಗಿ. ಕೆರೆ ಕಂಡರೆ ಅವಳು ಮನೆಯ ಹುಡುಗಿಯಾಗಿ ಉಳಿಯುತ್ತಿರಲಿಲ್ಲ. ಸಣ್ಣವಳಿದ್ದಾಗ ಬಾಳೆದಂಡು ಕಟ್ಟಿಕೊಂಡು ಕಲಿತ ಈಜು, ದೊಡ್ಡವಳಾದ ಮೇಲೂ ಬಿಟ್ಟಿರಲಿಲ್ಲ. ಸೀರೆ ಕಚ್ಚೆ ಕಟ್ಟಿ ನೀರಿಗೆ ಇಳಿದರೆ ಕೆರೆಯ ನಡುವಿನವರೆಗೆ ಹೋಗಿ, ಮುಖ ಆಕಾಶಕ್ಕೆ ಮಾಡಿ ಸುಮ್ಮನೆ ತೇಲುತ್ತಿದ್ದಳು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಮೊದಲು ಒಪ್ಪಿ, ಆಮೇಲೆ ಯಾರಿಂದಲೋ ಈ ಸುದ್ದಿ ಕೇಳಿ, ಮಾತು ನಿಲ್ಲಿಸಿದ್ದರು. ಗಂಡಸರ ಹಾಗೆ ಈಜುವ ಹೆಣ್ಣು ಮನೆಯಲ್ಲಿ ನಿಂತಾಳೆ ಎಂದು ಅವರಿಗೆ ನಂಬಿಕೆ ಬರಲಿಲ್ಲ. ಚಿಕ್ಕಮ್ಮ ಸೋಲುತ್ತಿರಲಿಲ್ಲ. "ಮುಳುಗುವ ಹೆಣ್ಣೇ ಬೇಕಿದ್ದರೆ ಬೇರೆ ಕಡೆ ನೋಡಲಿ" ಎನ್ನುತ್ತಿದ್ದಳು. ಆದರೆ ಹಾಗೆ ಹೇಳಿದ ದಿನ ರಾತ್ರಿ ನನ್ನ ಪಕ್ಕದಲ್ಲಿ ಮಲಗಿ ಬಹಳ ಹೊತ್ತು ಹೊರಳುತ್ತಿದ್ದದ್ದು ನನಗೆ ಗೊತ್ತಿತ್ತು. ಆ ವರ್ಷ ಮಾವ ಬೆಳ್ತಂಗಡಿ ಕಡೆಯ ಜಯರಾಮ ಮಾಸ್ಟ್ರನ್ನು ಕೆರೆಗೆ ಕರೆದಿದ್ದರು. ಮಾವನಿಗೆ ಅವರು ಟ್ರೈನಿಂಗಿನಲ್ಲಿ ಗೆಳೆಯರಾದವರು. ಸುಮ್ಮನೆ ಜಾಗ ನೋಡಲಿಕ್ಕೆ ಎಂದು ಹೆಸರು. ಅಜ್ಜಿ ಚಿಕ್ಕಮ್ಮನನ್ನು ಚಪ್ಪರದ ಹಿಂದೆ ಕರೆದು, "ಅವರು ಹೋಗುವವರೆಗೆ ನೀರಿಗೆ ಕಾಲಿಡುವುದಿಲ್ಲ ಅಂತ ನನಗೆ ಮಾತು ಕೊಡು. ಇದೂ ತಪ್ಪಿದರೆ ನಾನು ಇನ್ನು ಯಾರ ಮನೆಗೂ ಹೇಳಿ ಕಳಿಸುವುದಿಲ್ಲ" ಎಂದರು. ಚಿಕ್ಕಮ್ಮ ಕೆರೆಯನ್ನು ಒಮ್ಮೆ ನೋಡಿ, "ಆಯ್ತಮ್ಮ" ಎಂದಳು.

ಮಾಸ್ಟ್ರು ಬಂದದ್ದು ಮಧ್ಯಾಹ್ನ, ಉರಿಬಿಸಿಲಿಗೆ. ಬಿಳಿ ಪಂಚೆ, ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಏನೋ ಕಟ್ಟು. ಚಿಕ್ಕಮ್ಮ ತಲೆ ಬಗ್ಗಿಸಿ ಹಣ್ಣು ಒಡೆಯುತ್ತಿದ್ದಳು. ಅವರು ನೇರ ಅಜ್ಜಿಯ ಹತ್ತಿರ ಬಂದು, ಕಟ್ಟನ್ನು ಅವರ ಕಾಲ ಬುಡದಲ್ಲಿ ಬಹಳ ಜಾಗ್ರತೆಯಿಂದ ಇಟ್ಟು, "ಅಮ್ಮಾ, ಇದನ್ನು ದಾರಿಯಲ್ಲೇ ಮರೆತು ಬಂದಿದ್ದೀರಿ. ಒಳ್ಳೆ ಬಂಗುಡೆ. ನಾನು ನೋಡದಿದ್ದರೆ ಕಾಗೆ ಕೊಂಡು ಹೋಗ್ತಿತ್ತು" ಎಂದರು.

ಅಜ್ಜಿ ಹಾಕಿದ ಬೊಬ್ಬೆಗೆ ಮಾವ ಡೇರೆಯಿಂದ ಹೊರಗೆ ಬರುವಾಗ ಹಗ್ಗಕ್ಕೆ ಕಾಲು ತಾಗಿ ಡೇರೆಯೇ ಅವರ ಮೇಲೆ ಬಿತ್ತು. "ಅಯ್ಯೋ ನಾಗದೇವರೇ! ಮಾಸ್ಟ್ರೇ, ಎಂತ ಮಾಡಿದಿರಿ ನೀವು!" ಎಂದು ಅಜ್ಜಿ ಕೂಗುತ್ತಲೇ ಇದ್ದರು. ಬನ ತೋರಿಸಿ ವಿಷಯ ಹೇಳಿದಾಗ ಮಾಸ್ಟ್ರ ಮುಖ ಬೂದಿಯಾಯಿತು. ಅವರ ಊರಿನಲ್ಲೂ ನಾಗ ಎಂದರೆ ಅಷ್ಟೇ ಭಯ. ಅಡ್ಡಬೀಳಬೇಕೋ ಓಡಬೇಕೋ ತಿಳಿಯದೆ, ಆ ಕಟ್ಟನ್ನೇ ಮತ್ತೆ ಎತ್ತಿಕೊಂಡು ಎದೆಗೆ ಅವಚಿ ನಿಂತುಬಿಟ್ಟರು. "ಅದನ್ನು ಯಾಕೆ ಅಪ್ಪಿಕೊಳ್ತೀರಿ ಮಾರಾಯ್ರೇ!" ಎಂದು ಡೇರೆಯೊಳಗಿನಿಂದ ಮಾವ. ಚಿಕ್ಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೊನೆಗೆ ಮಾವನೇ ಎದ್ದು ಬಂದು ಕಟ್ಟನ್ನು ಕೈ ಚಾಚಿ ಹಿಡಿದುಕೊಂಡು ಹೋಗಿ ತಡಮೆಯಾಚೆ ತೂಗುಹಾಕಿದರು. ಅಜ್ಜಿ ಸುಧಾರಿಸಿಕೊಂಡು ಅಪ್ಪಣೆ ಕೊಟ್ಟರು. "ಎಲ್ಲರೂ ಮುಳುಗಿ ಏಳಿ. ಒಬ್ಬರೂ ಬಿಡಬಾರದು. ತಲೆ ಮುಳುಗಬೇಕು. ಆಮೇಲೆ ಎಳನೀರು ಎರೆದು ತಪ್ಪಾಯಿತು ಅನ್ನುವ. ಭಟ್ರನ್ನು ಕೇಳಿ ಮತ್ತೆ ಎಂತ ಮಾಡುವುದು ನೋಡುವ."

ಎಲ್ಲರೂ ಎಂದರೆ ಎಲ್ಲರೂ. ಚಿಕ್ಕಮ್ಮ ಹಣ್ಣಿನ ಬುಟ್ಟಿ ಬಿಟ್ಟು ಎದ್ದು ನಿಂತು, "ನಾನೂ ಅಮ್ಮಾ?" ಎಂದು ಕೇಳಿದಳು. ಅಷ್ಟು ಮೆತ್ತಗಿನ ದನಿ ನಾನು ಅವಳಲ್ಲಿ ಕೇಳಿಯೇ ಇರಲಿಲ್ಲ. ಅಜ್ಜಿ ಬಾಯಿ ತೆರೆದರು, ಬನದ ಕಡೆ ನೋಡಿದರು, ಮಾಸ್ಟ್ರ ಕಡೆ ನೋಡಿದರು. ನಾಗನೋ ಅಳಿಯನೋ ಎಂಬ ಪ್ರಶ್ನೆ. "ಬದಿಯಲ್ಲೇ ಮುಳುಗು" ಎಂದರು. ಅಜ್ಜಿ, ನಾನು, ಮಾವ ಬದಿಯಲ್ಲೇ ಮುಳುಗಿ ಎದ್ದೆವು. ಮಾಸ್ಟ್ರು ಸೊಂಟದ ನೀರಿನಲ್ಲಿ ನಿಂತು, ಮೂಗು ಹಿಡಿದು, ಕಣ್ಣು ಮುಚ್ಚಿ, ಮುಳುಗಿ, ಕೆಮ್ಮುತ್ತ ಎದ್ದರು. ಈಜು ಬಾರದವರು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಚಿಕ್ಕಮ್ಮ ಕೊನೆಗೆ ಇಳಿದಳು, ತಲೆ ಮುಳುಗಿಸಿದಳು. ಏಳಲಿಲ್ಲ. ಮಾಸ್ಟ್ರು ಗಾಬರಿಯಿಂದ "ಅವರು! ಅವರು!" ಎಂದು ಕೈ ತೋರಿಸುತ್ತಿದ್ದಂತೆ, ಕೆರೆಯ ನಡುವೆ ತಾವರೆ ಎಲೆಗಳ ಆಚೆ ಅವಳ ತಲೆ ಕಾಣಿಸಿತು. ಒಮ್ಮೆ ತಿರುಗಿ ನೋಡಿ, ಮುಖ ಮೇಲೆ ಮಾಡಿ ತೇಲಿದಳು. ಅಜ್ಜಿ ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, "ಹೋಯ್ತು, ಇದೂ ಹೋಯ್ತು" ಎಂದು ಮೆಲ್ಲಗೆ ಹೇಳಿಕೊಂಡರು. ಮಾಸ್ಟ್ರು ಮಾತ್ರ ಸೊಂಟದ ನೀರಿನಲ್ಲಿ ಹಾಗೆಯೇ ನಿಂತಿದ್ದರು. ಅವಳು ದಡಕ್ಕೆ ಬರುವವರೆಗೂ ಅವರು ಮೇಲೆ ಬರಲಿಲ್ಲ.

ಸಂಜೆ ಎಲ್ಲರೂ ಗಂಜಿ ಬಟ್ಟಲು ಹಿಡಿದು ತಡಮೆ ದಾಟಿದೆವು. ಇಷ್ಟೆಲ್ಲ ಆದ ಮೇಲೂ ಮೀನು ತಿನ್ನುವುದಾ ಎಂದು ಮಾವ ಕೇಳಿದ್ದಕ್ಕೆ ಅಜ್ಜಿ, "ಪಾಪ, ಮೀನಿನದ್ದು ಎಂತ ತಪ್ಪು?" ಎಂದರು. ಬಂಗುಡೆ ಕೆಂಡದಲ್ಲಿ ಚಟಪಟ ಎನ್ನುತ್ತಿತ್ತು. ಮಾಸ್ಟ್ರು ಗಂಜಿಯ ತಿಳಿ ಕುಡಿದು, ಪಾಠ ಒಪ್ಪಿಸುವವರ ಹಾಗೆ ಅಜ್ಜಿಯ ಕಡೆ ನೋಡಿ ಶುರು ಮಾಡಿದರು. "ನಮ್ಮದು ಸಣ್ಣ ಮನೆ ಅಮ್ಮ. ಗದ್ದೆ ಸ್ವಲ್ಪ ಉಂಟು. ಎರಡು ಎಮ್ಮೆ ಉಂಟು." ಇನ್ನೊಂದು ಗುಟುಕು ಕುಡಿದು, "ಮನೆಯ ಕೆಳಗೆ ಹೊಳೆ ಉಂಟು. ಬೇಸಿಗೆಯಲ್ಲಿ ಎಲ್ಲ ಕಡೆ ಬತ್ತಿದರೂ ಒಂದು ಗುಂಡಿಯಲ್ಲಿ ಮಾತ್ರ ನೀರು ನಿಲ್ತದೆ. ಒಳ್ಳೆ ಆಳ ಉಂಟು" ಎಂದರು. ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಚಿಕ್ಕಮ್ಮನಿಗೆ ಬೇಕಾಗಲಿಲ್ಲ. ಮೀನು ತಿರುಗಿಸುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು.

"ಅದರಲ್ಲಿ ಮೊಸಳೆ ಉಂಟಾ?"

"ಮೊಸಳೆ ಇಲ್ಲ," ಎಂದರು ಮಾಸ್ಟ್ರು. "ಮೇಲೆ ಮನೆಯಲ್ಲಿ ಅಮ್ಮ ಇದ್ದಾರೆ."

ಮೊದಲು ನಕ್ಕದ್ದು ಅಜ್ಜಿ. ಬಟ್ಟಲು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚಿಕ್ಕಮ್ಮ ಚೆನ್ನಾಗಿ ಸುಟ್ಟ ಒಂದು ಬಂಗುಡೆಯನ್ನು ಆರಿಸಿ, ಬೂದಿ ಕೊಡವಿ, ಮಾಸ್ಟ್ರ ಬಟ್ಟಲಿನ ಬದಿಗೆ ಇಟ್ಟಳು. ನಮ್ಮಲ್ಲಿ ಒಪ್ಪಿಗೆ ಕೇಳಲು ಹಿರಿಯರು ಬಂದು ಕೂತದ್ದು ಆಮೇಲೆ. ಒಪ್ಪಿಗೆ ಆದದ್ದು ಅಲ್ಲಿಯೇ.

ಮಳೆಗೆ ಮುಂಚೆ ಮದುವೆಯೂ ಆಯಿತು. ಮರುವರ್ಷ ಕೆರೆಗೆ ಹೋದಾಗ ನೀರು ಅಷ್ಟೇ ಇತ್ತು, ನಡುವೆ ತೇಲುವವರು ಇರಲಿಲ್ಲ. ನಾನು ಅಳುತ್ತಾ ಕೂತಿದ್ದೆನಂತೆ. ಅಜ್ಜಿ ಸಿಪ್ಪೆ ತಿರುವುತ್ತ, "ಅವಳು ಅಲ್ಲಿ ಈಜುತ್ತಿದ್ದಾಳೆ, ನೀನು ಇಲ್ಲಿ ನೀರು ಸುರಿಸುವುದು ಯಾಕೆ?" ಎಂದರು. ಅಜ್ಜಿ ಹೋದ ಮೇಲೆ ಬಿಡಾರ ನಿಂತಿತು. ಮಾವ ಹೇಳಿದ ಹಾಗೆ ಈಗ ಆ ಕೆರೆಗೆ ಭಾನುವಾರ ಕಾರುಗಳು ಬರುತ್ತವೆ, ಸಿಮೆಂಟಿನ ಬೆಂಚುಗಳಾಗಿವೆ. ಜನ ಬಂದು ಖುಷಿಪಟ್ಟು ಹೋಗುತ್ತಾರೆ. ನೋಡಲು ಮಾವ ಇರಬೇಕಿತ್ತು ಅನ್ನಿಸುತ್ತದೆ, ಅಷ್ಟೇ.

ರಜೆ ಬಂದರೆ ನಾನು ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆ. ಮೊದಮೊದಲು ಗೊಣಗುತ್ತಿದ್ದ ಅವಳ ಅತ್ತೆಯೇ ಕೆಲವು ವರ್ಷ ಕಳೆದ ಮೇಲೆ, "ಹೊತ್ತು ಮುಳುಗುತ್ತಾ ಬಂತಲ್ಲ ಸುಮತೀ, ಇವತ್ತು ಗುಂಡಿಗೆ ಹೋಗುವುದಿಲ್ಲವಾ?" ಎಂದು ಕೇಳುವಂತಾಗಿದ್ದರು. ನನಗೆ ಚಿಕ್ಕಪ್ಪನಾದ ಮಾಸ್ಟ್ರು ಈಜು ಕಲಿಯಲೇ ಇಲ್ಲ. ದಡದ ಬಂಡೆಯ ಮೇಲೆ ಟವೆಲು ಹಿಡಿದು ಕೂತಿರುತ್ತಿದ್ದರು. ಈಗ ಚಿಕ್ಕಮ್ಮನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ನಾನು ಕೊನೆಯ ಸಲ ನೋಡಿದಾಗ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗುಂಡಿಯ ನಡುವಿನವರೆಗೆ ಮಾತ್ರ ಹೋಗಿ ಬರುತ್ತಿದ್ದಳು. ಚಿಕ್ಕಪ್ಪನಿಗೆ ಮೊಣಕಾಲು ನೋವು, ಕೂತಲ್ಲಿಂದ ಏಳಲು ಬಹಳ ಹೊತ್ತು ಬೇಕು. ಹಾಗಾಗಿ ಅವಳು ನಡುನೀರಿನಲ್ಲಿ ಈಚೆಗೆ ತಿರುಗಿದ ಕೂಡಲೇ ಅವರು ಬಂಡೆಗೆ ಕೈಯೂರಿ ಏಳತೊಡಗುತ್ತಿದ್ದರು. ಅವಳು ದಡ ಮುಟ್ಟುವ ಹೊತ್ತಿಗೆ ಟವೆಲು ಬಿಡಿಸಿ ಹಿಡಿದು ನಿಂತಿರುತ್ತಿದ್ದರು.