ಅಧ್ಯಕ್ಷರ ಅಪ್ಪಣೆ ಮೇರೆಗೆ

ಅಂದು ದೊಡ್ಡಪ್ಪ ಎದ್ದು ನಿಂತು ಮಾತಾಡಿದರೋ ಕುರ್ಚಿಯಲ್ಲಿ ಕೂತೇ ಮಾತಾಡಿದರೋ ನನಗೀಗ ಖಾತ್ರಿಯಿಲ್ಲ. ಕಣ್ಣು ಮುಚ್ಚಿದರೆ ನಿಂತೇ ಕಾಣುತ್ತಾರೆ. ಆದರೆ ನಾವು ಯಾರೊಡನೆ ವಾದ ಮಾಡಿದ್ದೇವೋ ಅವರನ್ನು ನೆನಪು ನಿಲ್ಲಿಸಿಯೇ ತೋರಿಸುತ್ತದೆ ಎಂಬ ಅನುಮಾನ ನನಗಿದೆ. ಸಭೆ ನಡೆದದ್ದು ರಾಮನವಮಿಗೆ ಮುಂಚೆಯೋ ಆಮೇಲೋ ಎಂಬುದೂ ಮಸುಕು. ಪಾನಕ ಕುಡಿದ ನೆನಪೇನೋ ಇದೆ, ಆದರೆ ಬೆಂಗಳೂರಿನ ನಮ್ಮ ಲಗ್ಗೆರೆಯಲ್ಲಿ ಬೇಸಿಗೆಯಿಡೀ ಯಾರಾದರೊಬ್ಬರು ಪಾನಕ ಹಂಚುತ್ತಲೇ ಇರುತ್ತಾರೆ. ಮಗುವಿನ ಅಳು ನಿಂತ ಹೊತ್ತು ಮಾತ್ರ ಸರಿಯಾಗಿ ನೆನಪಿದೆ ಅಂದುಕೊಂಡಿದ್ದೇನೆ. ಅದನ್ನೂ ಪೂರ್ತಿ ನಂಬುವ ಧೈರ್ಯ ನನಗಿಲ್ಲ.

ದೊಡ್ಡಪ್ಪ ನನ್ನನ್ನು ಸಾಕಿದವರು. ಭೌತಶಾಸ್ತ್ರದಲ್ಲಿ ಎಂಎಸ್ಸಿ ಓದಿಸಿದವರು. ಅವರ ರಾಗಿ ಹೊಲದ ಬಹುಪಾಲು ಕಾರ್ಖಾನೆಗೆ ಮಾರಾಟವಾಗಿ, ಉಳಿದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಕಟ್ಟಡವಿದೆ. ನಾವಿರುವ ಮನೆ ಅದರ ಹಿಂದಿನ ಬೀದಿಯಲ್ಲಿ. ಕಟ್ಟಡದ ನೆಲಮಹಡಿಯ ಒಂದು ಕೋಣೆಯನ್ನು ಅವರು ಬಡಾವಣೆಯ ನಿವಾಸಿಗಳ ಸಂಘಕ್ಕೆ ಬಿಟ್ಟುಕೊಟ್ಟಿದ್ದರು. ಸಂಘದ ಅಧ್ಯಕ್ಷರೂ ಅವರೇ. ಮೇಲೆ ಉಳಿದ ಮಹಡಿಗಳ ನೆರಳಿರುವುದರಿಂದ ಏಪ್ರಿಲ್ ಮಧ್ಯಾಹ್ನವೂ ಆ ಕೋಣೆಯ ನೆಲಕ್ಕೆ ಕಾಲಿಟ್ಟರೆ ಹಿತವಾಗುತ್ತಿತ್ತು. ಭಾನುವಾರ ಬಿಟ್ಟರೆ ಅದಕ್ಕೆ ಬೀಗ.

ತಾರಸಿಯ ಮೇಲೆ ಶೀಟಿನ ಮನೆಗಳು. ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಬಂದವರು ಅಲ್ಲಿ ಬಾಡಿಗೆಗಿರುತ್ತಾರೆ. ಎರಡು ಬೇಸಿಗೆಗಳ ಹಿಂದೆ ಕೊನೆಯ ಶೀಟಿನ ಮನೆಯಲ್ಲಿ ರಾಯಚೂರು ಕಡೆಯ ಗಂಡ ಹೆಂಡತಿ, ಮತ್ತು ಇನ್ನೂ ಮಗುಚಿಕೊಳ್ಳಲು ಬಾರದ ಅವರ ಹೆಣ್ಣುಮಗು ಇದ್ದರು. ಗಂಡ ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಿದ್ದ. ಹಗಲೆಲ್ಲ ಆ ತಗಡಿನ ಕೆಳಗೆ ತಾಯಿ, ಮಗು, ಒಂದು ಟೇಬಲ್ ಫ್ಯಾನು. ಆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಮುಖಕ್ಕೆ ಎರಚುತ್ತಿತ್ತು.

"ರಾಯಚೂರೋರ್ಗೆ ಇದೊಂದು ಬಿಸ್ಲಾ?" ಎಂದು ದೊಡ್ಡಪ್ಪ ಆಕೆಯನ್ನು ಛೇಡಿಸುತ್ತಿದ್ದರು. ನಮ್ಮ ಕಡೆಯ ಮನೆ ಮಾಲೀಕರಲ್ಲಿ ಇದೊಂದು ಗಟ್ಟಿ ನಂಬಿಕೆ: ಆ ಕಡೆಯವರಿಗೆ ಸೆಕೆ ತಾಗುವುದಿಲ್ಲ.

ಆಕೆಯೂ ಬಿಡುತ್ತಿರಲಿಲ್ಲ. "ನಮ್ಮೂರಾಗ ಬಿಸಲು ಹೊರಗಿರತೈತ್ರೀ ಯಜಮಾನ್ರ. ನೀವು ಮನಿಯೊಳಗ ಬಾಡಿಗಿಗಿ ಇಟ್ಟೀರಿ."

ದೊಡ್ಡಪ್ಪ ಜೋರಾಗಿ ನಗುತ್ತಿದ್ದರು. ನಗುವುದು ಅವರಿಗೆ ಕಷ್ಟವಲ್ಲ. ಶೀಟು ತೆಗೆಸುವುದು ಕಷ್ಟ.

ಆ ವರ್ಷ ಅವರಿಗೂ ನನಗೂ ಬೇರೊಂದು ಜಗಳ ನಡೆದಿತ್ತು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯ ಕಾರಣನಲ್ಲ, ಎಲ್ಲ ಸೂರ್ಯನ ಲೆಕ್ಕ ಎಂದು ಹೇಳುವ ವಿಡಿಯೋಗಳನ್ನು ಅವರು ದಿನವೂ ನೋಡುತ್ತಿದ್ದರು, ಸಂಘದ ವಾಟ್ಸಾಪ್ ಗುಂಪಿಗೂ ಹಾಕುತ್ತಿದ್ದರು. ಪೀಣ್ಯದ ಒಂದು ಲ್ಯಾಬಿನಲ್ಲಿ ಕಾರ್ಖಾನೆಗಳ ಥರ್ಮಾಮೀಟರುಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಅದನ್ನೇ ಹಿಡಿದು ಒಮ್ಮೆ ಊಟದ ನಡುವೆ ಕೆಣಕಿದರು: "ನಿನ್ ಮೀಟ್ರು ಬಿಸಿ ಎಷ್ಟು ಅಂತ ಏಳ್ತದೆ ಕಣವ್ವ. ಯಾರಿಂದ ಅಂತ ಏಳ್ತದಾ?"

ಒಂದು ಮೀಟರು ಹೇಳುವುದಿಲ್ಲ, ನಿಜ. ಲೋಕದ ಎಷ್ಟೋ ಕಡೆಯ ಅಳತೆಗಳನ್ನು ವರ್ಷಗಟ್ಟಲೆ ಒಟ್ಟಿಗಿಟ್ಟು ನೋಡಿದವರಿಗೆ ಗೊತ್ತಾಗುತ್ತದೆ. ಅದನ್ನು ಅನ್ನ ಕಲಸುತ್ತಾ ವಿವರಿಸುವುದು ಹೇಗೆ? ದೊಡ್ಡಮ್ಮ ಸಾರು ಬಡಿಸುತ್ತಾ, "ಸೂರ್ಯಂದೋ ಮನುಷ್ಯಂದೋ, ಊಟ ಆರೋಗ್ತದೆ ಉಣ್ರಿ" ಎಂದರು.

ವಾಟ್ಸಾಪ್ ಗುಂಪಿನಲ್ಲಿ ಜಗಳ ಹೆಚ್ಚಾಗಿ, ಇಬ್ಬರು ಗುಂಪು ಬಿಟ್ಟೂ ಹೋದ ಮೇಲೆ, ಸಂಘದ ಕಾರ್ಯದರ್ಶಿ ಒಂದು ದಾರಿ ಹುಡುಕಿದರು. ಅವರು ನಿವೃತ್ತ ಹೈಸ್ಕೂಲು ಮೇಷ್ಟ್ರು. ಮುಂದಿನ ಭಾನುವಾರದ ಸಭೆಯಲ್ಲಿ ಮುಕ್ತ ಚರ್ಚೆ. ವಿಷಯ, ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯನೇ ಕಾರಣವೇ? ಪರವಾಗಿ ಮೇಷ್ಟ್ರು ಮತ್ತು ನಾನು, ವಿರೋಧವಾಗಿ ಅಧ್ಯಕ್ಷರು. ಕೊನೆಗೆ ಕೈ ಎತ್ತಿಸಿ ತೀರ್ಮಾನ. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಹಾಕಿದರು.

ಸಭೆಯ ಹಿಂದಿನ ದಿನ ಮಗು ಸೋತಿತು. ನಾನು ಲ್ಯಾಬಿನಿಂದ ಮಧ್ಯಾಹ್ನವೇ ಬಂದಿದ್ದೆ. ಕಟ್ಟಡದ ಮೆಟ್ಟಿಲಿನ ಬುಡದಲ್ಲಿ, ಸಂಘದ ಕೋಣೆಯ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಆಕೆ ಕೂತಿದ್ದಳು. ಮಗುವಿನ ಮೈಮೇಲೆ ಒದ್ದೆ ಬಟ್ಟೆ. ಕುತ್ತಿಗೆಯ ಸುತ್ತ ಕೆಂಪು ಬೊಕ್ಕೆ. ಅದು ಅಳುವುದಕ್ಕೂ ಬೇಸರಪಟ್ಟುಕೊಂಡಂತೆ ಬಾಯಿ ತೆರೆದು ಸುಮ್ಮನೆ ಮುಚ್ಚುತ್ತಿತ್ತು.

"ಮೈ ಕೆಂಡ ಆಗೈತ್ರೀ ಅಕ್ಕಾ. ಹಾಲು ಕುಡೀವಲ್ಲದು."

ಆಟೋದಲ್ಲಿ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ನೋಡಿ ಔಷಧಿ ಕೊಟ್ಟರು, ತಂಪಾದ ಜಾಗದಲ್ಲಿಡಿ, ಎದೆಹಾಲು ಕೊಡುತ್ತಲೇ ಇರಿ, ಮತ್ತೆ ಹೀಗೇ ಸೋತರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಆ ಮಾತು ಕೇಳಿದ ಮೇಲೆ ಆಕೆ ಛೇಡಿಸುವುದನ್ನು ಬಿಟ್ಟಳು. ನಮ್ಮ ಮನೆಗೆ ಬಾ ಎಂದು ಕರೆದೆ. "ಯಜಮಾನ್ರ ಮನಿಯಾಗ ದಿನಾ ಹೆಂಗ ಕುಂದರಲ್ರೀ? ನೀವು ಕೆಲಸಕ್ಕ ಹೋಗಿರತೀರಿ" ಎಂದಳು. ಆಕೆಗೆ ಬೇಕಿದ್ದದ್ದು ಬಾಗಿಲು ಹಾಕಿಕೊಂಡು ಹಾಲೂಡಿಸಬಹುದಾದ, ಬಿಸಿಲು ಇಳಿಯುವವರೆಗೆ ಮಗುವನ್ನು ಮಲಗಿಸಬಹುದಾದ ಒಂದು ಜಾಗ. ಅದು ಆಕೆ ಬೆನ್ನು ಕೊಟ್ಟು ಕೂತಿದ್ದ ಬಾಗಿಲ ಹಿಂದೆಯೇ ಇತ್ತು.

ಸಂಜೆ ದೊಡ್ಡಪ್ಪನನ್ನು ಕೀಲಿ ಕೇಳಿದೆ. ಅವರು ಫೋನಿನಿಂದ ಕಣ್ಣು ತೆಗೆಯದೆ ಹೇಳಿದರು: "ಅದು ಸಂಘದ್ದು ಮಗಾ. ನಂದೊಬ್ಬುಂದಾ? ನಾಳೆ ಸಭೇಲಿ ಕೇಳು."

"ಚರ್ಚೆಗೆ ಮುಂಚೆ ಕೇಳಲಾ?"

"ಚರ್ಚೆ ಆಗ್ಲಿ. ಆಮೇಲೆ ಇತರೆ ವಿಷಯ ಅಂತ ಇರ್ತದಲ್ಲ, ಅದ್ರಲ್ಲಿ."

ನಮ್ಮ ಸಂಘದ ಎಲ್ಲ ಸಭೆಗಳ ಕಾರ್ಯಸೂಚಿಯ ಕೊನೆಯ ಸಾಲು ಒಂದೇ: ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು. ಬೀದಿನಾಯಿ, ಕಸದ ಗಾಡಿ, ಕೆಟ್ಟ ಬೀದಿದೀಪ, ಎಲ್ಲ ಅಲ್ಲಿಗೇ ಬರುತ್ತಿದ್ದವು. ಅಪ್ಪಣೆ ಸಿಗದಿದ್ದರೆ ಅಲ್ಲಿಂದಲೇ ವಾಪಸು.

ರಾತ್ರಿ ಮಲಗಿದಾಗ ನನಗೆ ನನ್ನ ಸ್ಥಿತಿ ಅರ್ಥವಾಯಿತು. ನಾಳೆ ಎಲ್ಲರೆದುರು ನಾನು ಯಾರನ್ನು ಸೋಲಿಸಬೇಕೋ, ಆಮೇಲೆ ಅವರ ಅಪ್ಪಣೆಯನ್ನೇ ಬೇಡಬೇಕು. ಚರ್ಚೆಯಲ್ಲಿ ಸ್ವಲ್ಪ ಮೆತ್ತಗಾಗಲೇ? ಸೂರ್ಯನದೂ ಪಾಲಿದೆ, ಖಚಿತವಾಗಿ ಹೇಳಲಾಗದು ಎಂದುಬಿಡಲೇ? ಒಂದು ಸುಳ್ಳಿಗೆ ಒಂದು ಮಗು ತಂಪಾಗಿ ಮಲಗುವುದಾದರೆ ಸತ್ಯಕ್ಕೇನು ನಷ್ಟ? ಹಾಗೂ ಅನ್ನಿಸಿತು. ಇನ್ನೊಂದು ಅನುಮಾನವೂ ಇತ್ತು: ತಗಡಿನ ಕೆಳಗಿನ ಸೆಕೆ ಬೇರೆ, ಭೂಮಿಯ ಬಿಸಿ ಬೇರೆ. ಆ ತಗಡು ಯಾವ ವರ್ಷವಾದರೂ ಸುಡುತ್ತಿತ್ತು, ಈಗ ಇನ್ನಷ್ಟು ಸುಡುತ್ತಿದೆ, ಅಷ್ಟೆ. ಎರಡನ್ನೂ ಬೆರೆಸಿ ನಾನು ದೊಡ್ಡಪ್ಪನ ಮೇಲೆ ಹೊರಿಸುತ್ತಿದ್ದೇನೆಯೇ?

ಭಾನುವಾರ ಕೋಣೆ ತುಂಬಿತ್ತು. ಆಕೆ ಮಗುವನ್ನೆತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಒಳಗೆ ಹೋಗುವಾಗ ತಡೆದು ಕೇಳಿದಳು: "ಮಾತು ಲಗೂನ ಮುಗೀತೈತೇನ್ರೀ? ಬಿಸಲು ಯಾರ್ದಂತ ತೀರ್ಮಾನ ಆದ್ರ ಒಂದೀಟರ ಕಡಿಮಿ ಆಗತೈತೇನು?"

ಮೇಷ್ಟ್ರು ಶುರುಮಾಡಿದರು. "ನಾನು ಈ ಬಡಾವಣೆಗೆ ಬಂದಾಗ ಏಪ್ರಿಲ್ಲಿನಲ್ಲೂ ರಾತ್ರಿ ಹೊದ್ದುಕೊಳ್ಳಬೇಕಿತ್ತು. ಯಾರ ಮನೆಯಲ್ಲೂ ಫ್ಯಾನ್ ಇರಲಿಲ್ಲ."

"ಕರೆಂಟೇ ಇರ್ನಿಲ್ವಲ್ಲ ಮೇಷ್ಟ್ರೇ, ಫ್ಯಾನ್ ಎಲ್ಲಿಂದ ಬರ್ತದೆ?" ಎಂದರು ದೊಡ್ಡಪ್ಪ. ಕೋಣೆಯೆಲ್ಲ ನಗು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ನೆನಪು ಹೇಳತೊಡಗಿದರು, ಸ್ವೆಟರು, ಮಂಜು, ಹಲ್ಲು ಕಟಕಟ ಅನ್ನುತ್ತಿದ್ದ ಚಳಿ. ನನಗೆ ಕಸಿವಿಸಿ. ಅವರೆಲ್ಲ ನನ್ನ ಪರವಾಗಿಯೇ ಮಾತಾಡುತ್ತಿದ್ದರು, ಆದರೆ ಅದು ಸಾಕ್ಷಿಯಾಗಿರಲಿಲ್ಲ. ಹೊರಗೆ ಮಗು ಸಣ್ಣಗೆ ಅಳುತ್ತಿತ್ತು.

ದೊಡ್ಡಪ್ಪನ ಸರದಿ ಬಂತು. "ಇಂದೆ ಇಮಯುಗ ಬಂತು, ಓಯ್ತು. ಆಗ ಯಾರು ಕಾರ್ ಓಡುಸ್ತಿದ್ರು? ಈಗ ನಾವೇ ಕಾರಣ ಅಂತೀರ. ನಾವು ಅಂದ್ರೆ ಯಾರು? ಯಾರ್ದೋ ಏಸಿ, ಯಾರ್ದೋ ಇಮಾನ, ತಪ್ಪು ಮಾತ್ರ ಎಲ್ಲಾರ್ದೂನಾ? ಒಲ ಮಾರಿದ್ದು ನಾನು. ಕಾರ್ಖಾನೆ ಕಟ್ಟಿದ್ದು ಇನ್ಯಾರೋ. ಆ ದುಡ್ಡಲ್ಲಿ ಓದಿದ್ದು..." ಎಂದು ನನ್ನ ಕಡೆ ನೋಡಿ ನಿಲ್ಲಿಸಿದರು.

ನಾನು ಎದ್ದೆ. ಮೆತ್ತಗಾಗಬೇಕೆಂದೇ ಎದ್ದಿದ್ದೆ. ಆದರೆ ಬಾಯಿ ತೆರೆದಾಗ ಗೊತ್ತಿದ್ದದ್ದೇ ಬಂತು. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು, ಅದು ತಣ್ಣಗಾಗುತ್ತಿದೆ ಎಂದೆ. ಬಿಸಿ ಕೆಳಗೆ ಉಳಿದುಕೊಳ್ಳುತ್ತಿದೆ, ಮೇಲೆ ಕಂಬಳಿ ಹೊದೆಸಿದ ಹಾಗೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟಷ್ಟೂ ಆ ಕಂಬಳಿ ದಪ್ಪವಾಗುತ್ತದೆ ಎಂದೆ. "ಹಿಂದೆ ಸಿಡಿಲಿನಿಂದ ಕಾಡಿಗೆ ಬೆಂಕಿ ಬಿದ್ದಿತ್ತು ಅಂತ, ಇವತ್ತು ಕಡ್ಡಿ ಗೀರಿದವನನ್ನ ಬಿಟ್ಟುಬಿಡ್ತೀವಾ ದೊಡ್ಡಪ್ಪ?"

ಸಭೆಯಲ್ಲಿ ಅಧ್ಯಕ್ಷರೇ ಅನ್ನಬೇಕಿತ್ತು. ದೊಡ್ಡಪ್ಪ ಎಂದುಬಿಟ್ಟಿದ್ದೆ. ಅದೇ ಹೊತ್ತಿಗೆ ಹೊರಗೆ ಅಳು ನಿಂತಿತು.

ಮಲಗಿರಬಹುದು. ಹಾಲು ಕುಡಿಯುತ್ತಿರಬಹುದು. ಡಾಕ್ಟರು ಹೇಳಿದ್ದ ಮಾತು ನೆನಪಾಯಿತು. ಬಾಗಿಲ ಹತ್ತಿರ ಹೋಗೋಣವೆಂದರೆ ಮೇಷ್ಟ್ರು ಆಗಲೇ, "ಮನುಷ್ಯನೇ ಕಾರಣ ಅನ್ನೋರು ಕೈ ಎತ್ತಿ" ಎಂದಿದ್ದರು. ಕೈಗಳು ಎದ್ದವು. ಕೋಣೆಯ ಮುಕ್ಕಾಲು ಪಾಲು. ನಾನೂ ಎತ್ತಿದೆ, ಕಣ್ಣು ಬಾಗಿಲ ಮೇಲಿಟ್ಟುಕೊಂಡು.

"ಮನುಷ್ಯನೇ ಕಾರಣ ಅಂತ ಸಭೆ ತೀರ್ಮಾನ ಮಾಡ್ತು" ಎಂದು ದೊಡ್ಡಪ್ಪನೇ ಘೋಷಿಸಿದರು. ಚಪ್ಪಾಳೆ. ಪಾನಕದ ಲೋಟಗಳು ಬಂದವು ಎಂದು ಕಾಣುತ್ತದೆ.

"ಇತರ ವಿಷಯ" ಎಂದೆ ನಾನು. ಅಪ್ಪಣೆ ಕೇಳಲೂ ಇಲ್ಲ. ಮಧ್ಯಾಹ್ನದ ಹೊತ್ತು ಮಾತ್ರ, ಬಿಸಿಲು ಇಳಿಯುವವರೆಗೆ, ಈ ಕೋಣೆಯನ್ನು ತಾಯಿ ಮಗುವಿಗೆ ಬಿಟ್ಟುಕೊಡಿ ಎಂದೆ.

ಈಗಷ್ಟೇ ನನ್ನ ಜೊತೆ ಕೈ ಎತ್ತಿದವರು ಲೋಟ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಮೈಕ್ ಸೆಟ್ ಇದೆಯಲ್ಲ ಎಂದರು ಒಬ್ಬರು. ಇವತ್ತು ಇವರು, ನಾಳೆ ಮೇಲಿನವರೆಲ್ಲ ಇಳಿದು ಬಂದರೆ ಎಂದರು ಇನ್ನೊಬ್ಬರು. ಮೇಷ್ಟ್ರು ನಿಜವಾಗಿಯೂ ನೊಂದುಕೊಂಡು ಹೇಳಿದರು: "ನಿನ್ನ ಕಾಳಜಿ ಅರ್ಥ ಆಗುತ್ತಮ್ಮ. ಆದರೆ ನಿಯಮ ಅಂತ ಒಂದಿದೆ. ಬೇಕಾದರೆ ಬೀದಿಯಲ್ಲಿ ಸಸಿ ನೆಡೋಕೆ ಇವತ್ತೇ ನಿರ್ಣಯ ಮಾಡೋಣ."

ಬಾಗಿಲಾಚೆ ಇನ್ನೂ ಸದ್ದಿಲ್ಲ. ದೊಡ್ಡಪ್ಪ ಎದ್ದರು. ಹೊರಟುಹೋಗುತ್ತಾರೆ ಅಂದುಕೊಂಡೆ. ಮೆಟ್ಟಿಲ ಬಳಿ ಹೋಗಿ ಬಗ್ಗಿ ಮಗುವಿನ ಹಣೆ ಮುಟ್ಟಿದರು. ಅದು ಮಲಗಿರಲಿಲ್ಲ. ಕಣ್ಣು ಅರೆ ತೆರೆದಿತ್ತು.

"ಆಟೋ ಕೂಗು" ಎಂದರು ನನಗೆ. ಆಮೇಲೆ ಅಂಗಿಯ ಜೇಬಿನಿಂದ ಕೀಲಿ ತೆಗೆದು ಆಕೆಯ ಕೈಗಿಟ್ಟರು. "ಆಸ್ಪತ್ರೆಯಿಂದ ಬಂದ್ಮೇಲೆ ಇಲ್ಲೇ ಇರವ್ವ. ಮೇಲೆ ಓಗ್ಬೇಡ." ಮೇಷ್ಟ್ರು ಏನೋ ಹೇಳಲು ಹೋದರು. "ಕಟ್ಟಡ ನಂದು ಮೇಷ್ಟ್ರೇ" ಎಂದರು ದೊಡ್ಡಪ್ಪ, ಅಷ್ಟೆ.

ದೊಡ್ಡಾಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಉಳಿಸಿಕೊಂಡರು. ಮಗು ಚೇತರಿಸಿಕೊಂಡು ವಾಪಸು ಬಂತು. ಆ ಬೇಸಿಗೆಯಿಡೀ ಸಂಘದ ಕುರ್ಚಿಗಳ ನಡುವೆ ಸೀರೆಯ ಜೋಲಿ ತೂಗಿತು. ಮಳೆ ಬಿದ್ದ ಮೇಲೆ ಆಕೆ ಕೀಲಿ ವಾಪಸು ಕೊಟ್ಟಳು. ಮುಂದಿನ ವರ್ಷ ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿ ಮನೆ ಬಿಟ್ಟರು. ದೊಡ್ಡಪ್ಪ ಈಗಲೂ ಅವೇ ವಿಡಿಯೋಗಳನ್ನು ನೋಡುತ್ತಾರೆ. ಅವರನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ಎಷ್ಟೋ ಸಲ ಬರೆಯಲು ಕೂತು ಅರ್ಧಕ್ಕೇ ಬಿಟ್ಟಿದ್ದೇನೆ. ನನ್ನ ವಾದವನ್ನು ಒಪ್ಪಿದವರು ಬಾಗಿಲು ತೆರೆಯಲಿಲ್ಲ. ತೆರೆದವರು ಒಪ್ಪಲಿಲ್ಲ. ಇದರಿಂದ ವಾದಕ್ಕೆ ಬೆಲೆಯಿಲ್ಲ ಎಂದು ನಾನು ತೀರ್ಮಾನಿಸಲಾರೆ. ಅವರ ಕರುಣೆ ಆ ಮಗುವಿಗೆ ಸಾಲಿತು. ಅದರಿಂದ ಶೀಟೊಂದೂ ಇಳಿಯಲಿಲ್ಲ.

ಇಳಿಯುವುದಿರಲಿ, ಈ ಜನವರಿಯಲ್ಲಿ ತಾರಸಿಯ ಖಾಲಿ ಭಾಗಕ್ಕೂ ಹೊಸ ಶೀಟು ಬಂತು. ಒಂದು ಮನೆಗೆ ಆಗಲೇ ಅಡ್ವಾನ್ಸ್ ಕೊಟ್ಟು ಹೋದವರಿದ್ದಾರೆ. ಹೆಂಡತಿ ತುಂಬು ಗರ್ಭಿಣಿ. ದೊಡ್ಡಪ್ಪನಿಗೂ ಮೊದಲಿನ ಆರೋಗ್ಯವಿಲ್ಲ. ಬೇಸಿಗೆಯಲ್ಲಿ ಬೇರೆ ಊರಿನಲ್ಲಿರುವ ಮಗಳ ಮನೆಗೆ ಹೋಗಿ ಇರುತ್ತೇನೆ ಎನ್ನುತ್ತಿದ್ದಾರೆ. ಕೆಲಸದವರು ಶೀಟಿಗೆ ಬೋಲ್ಟು ಬಿಗಿಯುತ್ತಿದ್ದಾಗ ನಾನೂ ತಾರಸಿಗೆ ಹೋದೆ. ದೊಡ್ಡಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾ ನಿಂತಿದ್ದರು. ಈ ಸಲ ನಾನು ಸೂರ್ಯನ ಮಾತೆತ್ತಲಿಲ್ಲ. ನಾನು ಕೇಳಿದ ಒಂದೇ ಪ್ರಶ್ನೆಗೆ ಅವರು ಆ ದಿನವೂ ಉತ್ತರ ಕೊಡಲಿಲ್ಲ, ಈಗ ಮಾರ್ಚ್ ಬಂದರೂ ಕೊಟ್ಟಿಲ್ಲ.

"ದೊಡ್ಡಪ್ಪ, ನೀವು ಊರಲ್ಲಿ ಇಲ್ಲದಾಗ ಹೊಸದಾಗಿ ಬರೋ ಆ ಹುಡುಗಿ ಮಗು ಎತ್ಕೊಂಡು ಕೆಳಗಿಳಿದು ಬಂದ್ರೆ, ಕೀಲಿ ಯಾರನ್ನ ಕೇಳ್ಬೇಕು?"