ಮಕ್ಕಳನ್ನು ಕೂರಿಸುವ ಪುಟ

ತರಗತಿಯಲ್ಲಿ ಭಾಷಣ ಬಿಗಿಯಬಾರದು ಎಂಬುದರ ಬಗ್ಗೆ ನಾನು ಎರಡು ಗಂಟೆ ಭಾಷಣ ಬಿಗಿಯಬಲ್ಲೆ. ಈ ಅರ್ಹತೆಯ ಮೇಲೇ ಹೊನ್ನಾವರದ ಹೊಸ ಶಿಕ್ಷಕರಿಗೆ ನಾನು ಸಂಪನ್ಮೂಲ ವ್ಯಕ್ತಿ. ಹಾಗೆಂದರೆ ಪಾಠ ಮಾಡುವುದರಿಂದ ತಪ್ಪಿಸಿಕೊಂಡು, ಪಾಠ ಮಾಡುವುದು ಹೇಗೆಂದು ಹೇಳುವವ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಹನ್ನೊಂದಕ್ಕೆ ಚಹಾ, ಕೊನೆಗೊಂದು ಗ್ರೂಪ್ ಫೋಟೋ. ಇಷ್ಟಾದರೆ ಶಿಕ್ಷಕ ತಯಾರು.

ಹಾಗೆ ನಾನೇ ತಯಾರಿಸಿದ ಸವಿತಾ, ನಾನು ಹೆಡ್‌ಮಾಸ್ತರನಾಗಿರುವ ಕಾಸರಕೋಡಿನ ಶಾಲೆಗೇ ಬಂದದ್ದು ನನ್ನ ಗ್ರಹಚಾರ. ಕುಮಟಾದ ಹುಡುಗಿ, ಮೊದಲ ನೌಕರಿ, ಮೂರನೇ ತರಗತಿ. ಎರಡು ತಿಂಗಳಾದರೂ ಮಕ್ಕಳು ಕೂತಲ್ಲಿ ಕೂರುತ್ತಿರಲಿಲ್ಲ. ನಾನು ಧಾರಾಳವಾಗಿ ನನ್ನ ತರಬೇತಿ ಕೈಪಿಡಿ ಕೊಟ್ಟೆ. ಮರುದಿನವೇ ವಾಪಸು ತಂದಳು.

"ಸರ್, ಹದಿನೆಂಟನೇ ಪುಟದಲ್ಲಿ 'ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿದ ನಂತರ' ಅಂತ ಇದೆ. ಕೂರಿಸೂದು ಯಾವ ಪುಟದಲ್ಲಿ?"

ನಾನೇ ಬರೆದ ಪುಸ್ತಕ, ಹುಡುಕಿದೆ. ಇರಲಿಲ್ಲ. ಆದ್ದರಿಂದ ಅವಳನ್ನು ಇನ್ನೊಂದು ತರಬೇತಿಗೆ ಕಳಿಸಿದೆ. ಅಲ್ಲಿ ಮೂರು ದಿನ ಅವಳು ತರಗತಿ ನಿರ್ವಹಣೆ ಕಲಿತಳು. ಇಲ್ಲಿ ತರಗತಿ ತನ್ನನ್ನು ತಾನೇ ನಿರ್ವಹಿಸಿಕೊಂಡಿತು. ಬಂದ ವಾರಕ್ಕೆ ರಾಜೀನಾಮೆ ಪತ್ರ ಹಿಡಿದು ನನ್ನೆದುರು ನಿಂತಳು. "ನಂಗೆ ಈ ಕೆಲ್ಸ ಬರೂದಿಲ್ಲ ಸರ್" ಎಂದು ಅತ್ತೇಬಿಟ್ಟಳು. ನನಗೆ ನಿಜಕ್ಕೂ ಸಂಕಟವಾಯಿತು.

ಮಗಳನ್ನು ಕರೆದೊಯ್ಯಲು ಬಂದಿದ್ದ ಮೀನು ಮಾರುವ ದೇವಕಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಲ್ಲ ಮಾಸ್ತರೇ, ನಮ್ಮಲ್ಲಿ ಹೊಸಬ ದೋಣಿ ಹತ್ತಿದ್ರೆ ಒಂದು ಸೀಸನ್ ಪೂರ್ತಿ ತಾಂಡೇಲನ ಬಗಲಲ್ಲೇ ಇರ್ತಾನೆ. ದೋಣಿ ನಡೆಸುವವ ಅಂವ ಅಲ್ವಾ! ನೀವು ಅಕ್ಕೋರನ್ನ ಎಂತಕ್ಕೆ ಒಬ್ಬರನ್ನೇ ಬಿಟ್ರಿ?"

"ಆತು, ನಾಳೆ ನಾನು ಪಾಠ ಮಾಡ್ತೆ. ಅಕ್ಕೋರೇ, ಹಿಂದೆ ಕೂತು ನೋಡಿ. ಪತ್ರ ಅಲ್ಲಿವರೆಗೆ ನಿಮ್ಮತ್ರವೇ ಇರಲಿ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರನೇ ತರಗತಿಯ ಹೊಸ್ತಿಲು ತುಳಿದು ನನಗೆ ಆರು ವರ್ಷವಾಗಿತ್ತು.

ಮರುದಿನ "ವೃತ್ತಾಕಾರ!" ಎಂದೆ. ಐದಾರು ಮಕ್ಕಳು ವೃತ್ತವಾದರು, ಉಳಿದವರು ಸಂತೆಯಾದರು. ಗಣಪು ಎಂಬವ ಕಿಟಕಿ ಏರಿದ. ಶಿಸ್ತಿನ ಮಹತ್ವ ಕುರಿತು ಭಾಷಣ ಬಿಗಿದೆ, ಕೂಗಿದೆ, ಬೆವತೆ. ಹಿಂದೆ ಕೂತಿದ್ದ ಸವಿತಾ ಮೊದಲು ಗಾಬರಿಯಾದಳು, ಆಮೇಲೆ ಈ ಶಾಲೆಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದು ನಕ್ಕಳು.

"ಅಯ್ಯೋ ಸರ್, ನಂಗೊಬ್ಬಳಿಗೇ ಅಲ್ಲ ಹಾಗಾದ್ರೆ!"

ನಗುತ್ತಲೇ ಎದ್ದುಬಂದು, "ಗಣಪು, ಇಳಿ ಮಾರಾಯ, ಸರ್‌ಗೆ ಸಹಾಯ ಮಾಡ್ವ" ಎಂದಳು. ಇಳಿದು ಕೂತ! ಅವನ ಹಿಂದೆ ಉಳಿದವರೂ ಕೂತರು.

ಗಂಟೆ ಹೊಡೆದ ಮೇಲೆ ನನ್ನ ಪಾಠದ ವೀಕ್ಷಣಾ ವರದಿ ಕೈಗಿತ್ತಳು. "ಶಿಕ್ಷಕರಿಗೆ ವಿಷಯಜ್ಞಾನ ಚೆನ್ನಾಗಿದೆ. ಜೊತೆಗೊಬ್ಬರು ಬೇಕು." ಕಾಗದ ತಿರುಗಿಸಿದೆ. ಆಚೆ ಬದಿಯಲ್ಲಿ ಅವಳ ರಾಜೀನಾಮೆ, ಅದರ ಮೇಲೊಂದು ಅಡ್ಡಗೆರೆ.

ಈಗ ನಾವಿಬ್ಬರೂ ದಿನಕ್ಕೊಂದು ಪಿರಿಯಡ್ ಒಟ್ಟಿಗೇ ಮೂರನೇ ತರಗತಿಗೆ ಹೋಗುತ್ತೇವೆ. ಇಬ್ಬರಲ್ಲಿ ತಾಂಡೇಲ ಯಾರೆಂದು ಮಾತ್ರ ದೇವಕಿ ಕೇಳದಿದ್ದರೆ ಸಾಕು.